‘ಕಮ್ಯುನಿಕೇಶನ್ ಗ್ಯಾಪ್’ ಎಂಬ ಸುಳ್ಳು

ಮೊದಲು ನನ್ನ ಹೆಗಲಿಗೆ ಶಾಲು ಹೊದಿಸಿದರು. ಒಂದು ತಾಸು ಕಳೆಯುವುದರೊಳಗೆ ನನ್ನ ಮುಂದಿನ ಮೈಕಿನ ವಾಯರ್ ಕಿತ್ತರು. ಎರಡನ್ನೂ ಮಾಡಿದವರು ಒಬ್ಬರೇ!

ಎರಡು ವಾರದ ಹಿಂದೆ ಬನಹಟ್ಟಿ ಹತ್ತಿರದ ಒಂದು ನೂಲಿನ ಗಿರಣಿಯಲ್ಲಿ ನಡೆದದ್ದು ಇದು. ಗಿರಣಿಯ ಹೆಸರು ಬರೆಯುವುದಿಲ್ಲ. ಮನುಷ್ಯರ ಹೆಸರುಗಳನ್ನೂ ಬದಲಿಸಿದ್ದೇನೆ. (ಹೆದರಿಕೆಯಿಂದಲ್ಲ. ಅಲ್ಲಿ ಇನ್ನೂ ದುಡಿಯುತ್ತಿರುವ ಹೆಣ್ಣುಮಕ್ಕಳಿಗೆ ನನ್ನಿಂದ ತೊಂದರೆಯಾಗಬಾರದು, ಅಷ್ಟೇ.) ಹೋದ ವಾರ ಅಂಕಣ ಯಾಕೆ ಬರಲಿಲ್ಲ ಎಂದು ನಿಮ್ಮಲ್ಲಿ ಕೆಲವರು ಜಮಖಂಡಿ ಬಸ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಕೇಳಿದಿರಿ. ಬರೆದಿದ್ದೆ. ಸಂಪಾದಕರಿಗೆ ಕೊಡದೆ ಇಟ್ಟುಕೊಂಡಿದ್ದೆ. ಒಬ್ಬ ಹುಡುಗಿಯ ನೌಕರಿಯ ಪ್ರಶ್ನೆ ಇತ್ತು.

ಮೊದಲಿನಿಂದ ಹೇಳುತ್ತೇನೆ.

ನಾನು ಕಾಲೇಜಿನಲ್ಲಿ ಕಾಮರ್ಸ್ ಕಲಿಸುವವಳು ಎಂಬುದು ನಿಮಗೆ ಗೊತ್ತೇ ಇದೆ. ನನ್ನ ಪಾಲಿಗೆ ಬಂದ ವಿಷಯಗಳಲ್ಲಿ ಒಂದು, ಸಂಸ್ಥೆಗಳಲ್ಲಿ ಸಂವಹನ. ಅಂದರೆ ಆಫೀಸು, ಕಾರ್ಖಾನೆ, ಬ್ಯಾಂಕುಗಳಲ್ಲಿ ಜನ ಒಬ್ಬರಿಗೊಬ್ಬರು ಹೇಗೆ ಮಾತಾಡುತ್ತಾರೆ, ಯಾಕೆ ಮಾತಾಡುವುದಿಲ್ಲ, ಇದರ ಬಗ್ಗೆ ತಿಳಿದವರು ಏನೇನು ಸಿದ್ಧಾಂತ ಕಟ್ಟಿದ್ದಾರೆ ಎಂಬುದು. ನನ್ನ ವಿದ್ಯಾರ್ಥಿಗಳಿಗೆ ಅದು ಐದು ಮಾರ್ಕಿನ ಪ್ರಶ್ನೆ. ಪರೀಕ್ಷೆಯ ಹಿಂದಿನ ದಿನ ಬಾಯಿಪಾಠ, ಮರುದಿನ ಮರೆವು. ನನಗೆ ಮಾತ್ರ ಅದರ ಮೇಲೆ ವಿಚಿತ್ರ ಪ್ರೀತಿ.

ಹೀಗಿರುವಾಗ ಆ ಗಿರಣಿಯಲ್ಲಿ ಕೆಲಸಗಾರರ ನೇಮಕ, ರಜೆ ನೋಡಿಕೊಳ್ಳುವ ಪರ್ಸನೆಲ್ ಆಫೀಸರ್ ದೇಸಾಯಿ ಸ್ಕೂಟರ್ ಮೇಲೆ ಕಾಲೇಜಿಗೆ ಬಂದರು. ತೆಳ್ಳಗಿನ ಮನುಷ್ಯ. ಮಾತುಮಾತಿಗೂ ಕರ್ಚೀಫಿನಿಂದ ಕುತ್ತಿಗೆ ಒರೆಸಿಕೊಳ್ಳುವ ಚಟ.

“ಮೇಡಂ, ನಮ್ಮ ಕೆಲಸಗಾರರಿಗೆ ಕಮ್ಯುನಿಕೇಶನ್ ಬಗ್ಗೆ ನೀವು ಒಂದು ಲೆಕ್ಚರ್ ಕೊಡಬೇಕ್ರಿ. ಥಿಯರಿ ಎಲ್ಲಾ ಹೇಳ್ರಿ, ಆದರ ತಿಳಿಯೂ ಹಂಗ ಹೇಳ್ರಿ. ಮ್ಯಾನೇಜರ್ ಸಾಹೇಬ್ರದು ಭಾಳ ಆಸೆ ಐತಿ.”

ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಪುಸ್ತಕದ ವಿಷಯವನ್ನು ಪುಸ್ತಕದ ಆಚೆ ಯಾರೋ ಕೇಳುತ್ತಿದ್ದಾರೆ! ಸಂಜೆ ಮನೆಗೆ ಹೋಗಿ ಅತ್ತೆಗೆ ಹೇಳಿದೆ.

“ಮಾತಾಡೂದು ಹೆಂಗ ಅಂತ ಹೇಳಾಕ ಬನಹಟ್ಟಿತನಕಾ ಹೊಂಟೀಯೇನವಾ? ಅಲ್ಲೆ ಏನು ಎಲ್ಲಾರೂ ಮೂಕರ ಅದಾರನು?” ಎಂದರು ಅತ್ತೆ.

ನಕ್ಕುಬಿಟ್ಟೆ. ಯಾಕೆ ಕರೆದಿದ್ದಾರೆ, ಈಗಲೇ ಯಾಕೆ ಕರೆದಿದ್ದಾರೆ ಎಂದು ದೇಸಾಯಿಯವರನ್ನು ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ.

ಗಿರಣಿಯ ಕ್ಯಾಂಟೀನಿನಲ್ಲಿ ಕಾರ್ಯಕ್ರಮ. ಹೆಣ್ಣುಮಕ್ಕಳು ತಾಡಪತ್ರಿಯ ಮೇಲೆ, ಗಂಡಸರು ಹಿಂದೆ ಬೆಂಚುಗಳ ಮೇಲೆ. ವೇದಿಕೆಯ ಮೇಲೆ ಮ್ಯಾನೇಜರ್ ಸಾಹೇಬರು, ದೇಸಾಯಿ ಮತ್ತು ನಾನು. ಎಲ್ಲರ ತಲೆಗೂದಲಿಗೆ ಹತ್ತಿಯ ಎಳೆ ಅಂಟಿಕೊಂಡು, ಹರೆಯದ ಹುಡುಗಿಯರೂ ಮುದುಕಿಯರ ಹಾಗೆ ಕಾಣುತ್ತಿದ್ದರು. ದೇಸಾಯಿಯವರು ಶಾಲು ಹೊದಿಸಿದ್ದಾಯಿತು. ಫೋಟೋ ತೆಗೆದದ್ದಾಯಿತು. (ಫೋಟೋಗಳು ಸ್ವಲ್ಪ ಹೆಚ್ಚೇ ಆದವು. ಕೆಲಸಗಾರರು ಕೂತದ್ದು, ಹಿಂದಿನ ಬ್ಯಾನರ್, ಎಲ್ಲವೂ ಬರಬೇಕೆಂದು ಸಾಹೇಬರು ಎರಡೆರಡು ಸಲ ಹೇಳಿದರು.)

ನಾನು ಶುರುಮಾಡಿದೆ.

ಸಂಸ್ಥೆಯನ್ನು ಯಂತ್ರ ಎಂದು ನೋಡುವುದು ಹಳೆಯ ದೃಷ್ಟಿ. ಮೇಲಿನಿಂದ ಹುಕುಂ ಇಳಿಯುತ್ತದೆ, ಕೆಳಗಿನಿಂದ ವರದಿ ಏರುತ್ತದೆ. ಯಾರು ಯಾರ ಜೊತೆ ಮಾತಾಡಬೇಕು ಎಂಬುದು ಗೊತ್ತುಮಾಡಿಟ್ಟ ದಾರಿ. ಆ ದಾರಿ ಬಿಟ್ಟು ಮಾತಾಡಿದರೆ ತಪ್ಪು. ಇದನ್ನು ಹೇಳಿದಾಗ ಮ್ಯಾನೇಜರ್ ಸಾಹೇಬರು ತಲೆಯಾಡಿಸಿದರು.

ಇನ್ನೊಂದು ದೃಷ್ಟಿ, ಸಂಸ್ಥೆಯೆಂದರೆ ಮನುಷ್ಯರು ಎಂದು ನೋಡುವುದು. ಕೆಲಸಗಾರನಿಗೂ ಮನಸ್ಸಿದೆ, ಅವನ ಮಾತು ಕೇಳಿದರೆ ಅವನು ಇನ್ನೂ ಚೆನ್ನಾಗಿ ದುಡಿಯುತ್ತಾನೆ ಎನ್ನುವುದು. “ನಮ್ಮದೂ ಒಂದು ಫ್ಯಾಮಿಲಿ ಇದ್ದಂಗ ಮೇಡಂ,” ಎಂದು ಸಾಹೇಬರು ಕೂತಲ್ಲಿಂದಲೇ ದನಿಗೂಡಿಸಿದರು.

ಮತ್ತೊಂದು, ಸಂಸ್ಥೆಯನ್ನು ಜೀವ ಇರುವ ದೇಹ ಎಂದು ನೋಡುವುದು. ಅಂಗಾಲಿಗೆ ಮುಳ್ಳು ಚುಚ್ಚಿದರೆ ಸುದ್ದಿ ತಲೆಗೆ ಮುಟ್ಟಬೇಕು. ಮುಟ್ಟಿದ ಕೂಡಲೇ ತಲೆ ಕಾಲನ್ನು ಎತ್ತಿಸಬೇಕು. ಸುದ್ದಿ ಮೇಲೆ ಹೋಗಿ, ಅದಕ್ಕೆ ತಕ್ಕ ಕ್ರಮ ಕೆಳಗೆ ಬರುವುದಕ್ಕೆ ಫೀಡ್‌ಬ್ಯಾಕ್ ಎನ್ನುತ್ತಾರೆ. ಹೇಳುವಾಗ ನನಗೇ ಖುಷಿಯಾಯಿತು. ಆ ಖುಷಿಯಲ್ಲೇ ಕೇಳಿದೆ:

“ಈಗ ನೀವು ಹೇಳ್ರಿ. ನಿಮ್ಮ ಕೆಲಸದಾಗ ಮುಳ್ಳು ಚುಚ್ಚಿದರ ಯಾರಿಗೆ ಹೇಳ್ತೀರಿ?”

ಯಾರೂ ಮಾತಾಡಲಿಲ್ಲ. ನಾಚಿಕೆಯ ಮೌನ ಬೇರೆ ಇರುತ್ತದೆ, ತರಗತಿಯಲ್ಲಿ ದಿನಾ ನೋಡುತ್ತೇನೆ. ಇದು ಅದಲ್ಲ. ಎಲ್ಲರ ಕಣ್ಣೂ ಕಂಬದ ಹತ್ತಿರ ಕೂತಿದ್ದ ಒಬ್ಬ ದೊಡ್ಡ ವಯಸ್ಸಿನ ಹೆಣ್ಣುಮಗಳ ಕಡೆಗೆ ಹೋದವು. ಹಸಿರು ಇಳಕಲ್ ಸೀರೆ, ಹಣೆಯ ಮೇಲೆ ಭಂಡಾರ. ಆಕೆ ನೀಲವ್ವ. ಮೊದಲು ವೇದಿಕೆ ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

“ಖರೇನ ಕೇಳಾಕತ್ತೀರೇನ್ರೀ ಅಕ್ಕಾರ, ಇಲ್ಲಾ ಸುಮ್ನ ಕೇಳಾಕತ್ತೀರಿ?”

“ಖರೇನ ಕೇಳಾಕತ್ತೇನಿ.”

“ಹಂಗಾರ ಹೇಳ್ತೇನ್ರಿ. ಇಲ್ಲೆ ಕಸ್ತೂರಿ ಅಂತ ಒಂದು ಹುಡುಗಿ ಇದ್ಲು...”

“ನೀಲವ್ವಾ, ಅದು ಆಮ್ಯಾಲ,” ಎಂದರು ದೇಸಾಯಿ. ಕರ್ಚೀಫು ಕುತ್ತಿಗೆಗೆ ಹೋಯಿತು.

“ಹೇಳಲಿ ಬಿಡ್ರಿ,” ಎಂದೆ ನಾನು. ಆಗಲೂ ನನಗೆ ಏನೂ ಗೊತ್ತಿರಲಿಲ್ಲ. ಒಳ್ಳೆಯ ಉದಾಹರಣೆ ಸಿಕ್ಕಿತು ಅಂದುಕೊಂಡಿದ್ದೆ!

ಅವಳು ಹೇಳಿದ್ದು ಇದು. ಹತ್ತಿ ಹಿಂಜುವ ವಿಭಾಗದಲ್ಲಿ ಒಂದು ಮಷೀನು. ಒಳಗೆ ಮೈತುಂಬ ಮೊಳೆಯಂಥ ಹಲ್ಲಿರುವ ಉರುಳೆ. ಅದರ ಸ್ವಿಚ್ಚು ಕೆಟ್ಟಿತ್ತು. ಕರೆಂಟು ಹೋದಾಗ ಸ್ವಿಚ್ಚು ಕೆಳಗೆಳೆದು ಬಂದ್ ಮಾಡಿದರೂ, ಕರೆಂಟು ಬಂದ ಕೂಡಲೇ ಒಮ್ಮೊಮ್ಮೆ ಮಷೀನು ತಾನೇ ತಿರುಗಲು ಶುರುಮಾಡುತ್ತಿತ್ತು. ಇದನ್ನು ಮೊದಲು ನೋಡಿದವಳು ನೀಲವ್ವನೇ. ಜಾಬರನಿಗೆ, ಅಂದರೆ ವಿಭಾಗದ ಮೇಸ್ತ್ರಿಗೆ, ಹೇಳಿದಳು. ಅವನು ಸೂಪರ್‌ವೈಜರನಿಗೆ ಹೇಳಿದ. ದಿನಗಳು ಹೋದವು. ಮತ್ತೆ ಹೇಳಿದಳು. ಮತ್ತೆ ದಿನಗಳು ಹೋದವು. ಒಂದು ಮಧ್ಯಾಹ್ನ ಕರೆಂಟು ಹೋಯಿತು. ಇಂಥ ಹೊತ್ತಿನಲ್ಲಿ ಹಲ್ಲುಗಳ ನಡುವೆ ಸಿಕ್ಕ ಹತ್ತಿ ತೆಗೆದು ಸ್ವಚ್ಛ ಮಾಡಬೇಕೆಂಬುದು ಗಿರಣಿಯದೇ ನಿಯಮ. ಕಸ್ತೂರಿ ಸ್ವಿಚ್ಚು ಎಳೆದಳು, ಕೈ ಹಾಕಿದಳು. ಕರೆಂಟು ಬಂತು.

“ಬಲಗೈದು ಎರಡು ಬಟ್ಟು ಹೋದೂರಿ. ಮೂರನೇದು ಮಡಚಂಗಿಲ್ಲ. ಮಿರಜಿನ ದವಾಖಾನಿಗೆ ಒಯ್ದು ಬಂದ್ರು. ಈಗ ಅಕಿನ್ನ ಕೆಲಸಕ್ಕ ಬರಬ್ಯಾಡ ಅಂದಾರ.”

“ಯಾಕ?”

“ಎನ್ಕ್ವಾಯರಿ ಆತಲ್ರಿ. ಅದರಾಗ ಅಕೀದ ತಪ್ಪು ಅಂದ್ರು. ಮಷೀನಿಗೆ ಕೈ ಹಾಕೂ ಮೊದಲ ಮ್ಯಾಲಿನವರಿಗೆ ತಿಳಸಲಿಲ್ಲಂತ. ಅದೇನೋ ಗ್ಯಾಪ್ ಅಂತಾರಲ್ರೀ...”

“ಕಮ್ಯುನಿಕೇಶನ್ ಗ್ಯಾಪ್,” ಎಂದಿತು ಹಿಂದಿನಿಂದ ಒಂದು ದನಿ.

‘ಕೆಲಸಗಾರರಿಗೆ ಸಂವಹನ ತರಬೇತಿ’ ಎಂದು ಬರೆದಿದ್ದ ಬ್ಯಾನರಿನ ಕಡೆ ತಿರುಗಿ ನೋಡಿದೆ. ಫೋಟೋಗಳು ಯಾತಕ್ಕೆ ಎಂದು ಆಗ ತಿಳಿಯಿತು. ನಾಳೆ ಮೇಲಿನವರು ಕೇಳಿದರೆ ತೋರಿಸಬೇಕಲ್ಲ, ನೋಡಿ, ಕೆಲಸಗಾರರಿಗೆ ಮಾತಾಡಲು ಬರುತ್ತಿರಲಿಲ್ಲ, ಕಾಲೇಜಿನ ಮೇಡಂ ಅವರನ್ನು ಕರೆಸಿ ಕಲಿಸಿದ್ದೇವೆ! ಬೆರಳು ಕಳೆದುಕೊಂಡವಳ ಕಡೆಯವರನ್ನೇ ಕೂಡಿಸಿ, ತಪ್ಪು ನಿಮ್ಮ ನಾಲಗೆಯದು ಎಂದು ಹೇಳಲು ನನ್ನನ್ನು ಕರೆಸಿದ್ದರು.

ಸಾಹೇಬರ ಕಡೆ ತಿರುಗಿ ಕೇಳಿದೆ. “ಆ ಸ್ವಿಚ್ಚು ರಿಪೇರಿ ಆಗೈತೇನ್ರಿ?”

“ಅದು ಟೆಕ್ನಿಕಲ್ ವಿಷಯ ಮೇಡಂ. ನೀವು ಕಮ್ಯುನಿಕೇಶನ್ ಬಗ್ಗೆ ಹೇಳ್ರಿ.”

ಈ ಉತ್ತರ ಇನ್ನೂ ನನ್ನ ಕಿವಿಯಲ್ಲಿದೆ. ಎಷ್ಟು ತಣ್ಣಗೆ ಹೇಳಿದರು! ನಾನು ಮೈಕು ಹಿಡಿದು ಹೆಣ್ಣುಮಕ್ಕಳನ್ನೇ ಕೇಳಿದೆ. “ಆಗೈತೇನ್ರವಾ?”

“ಇಲ್ರೀ!” ಒಬ್ಬಿಬ್ಬರಲ್ಲ, ಅಷ್ಟೂ ಜನ. “ಇವತ್ತೂ ಅದ ಮಷೀನ ನಡದೈತ್ರಿ!”

ಅಷ್ಟರಲ್ಲಿ ಮೈಕು ಸತ್ತಿತು. ನೋಡಿದರೆ ದೇಸಾಯಿಯವರ ಕೈಯಲ್ಲಿ ವಾಯರ್. “ಕರೆಂಟ್ ಹೋತು ಮೇಡಂ,” ಎಂದರು. ತಲೆಯ ಮೇಲೆ ಫ್ಯಾನು ಗರಗರ ತಿರುಗುತ್ತಿತ್ತು. ಎಲ್ಲರೂ ಫ್ಯಾನು ನೋಡಿದರು. ಒಬ್ಬ ಹುಡುಗಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಆ ನಗು ಇಡೀ ಕ್ಯಾಂಟೀನಿಗೆ ಹಬ್ಬಿತು. ನಗು ಬಂದ ಮೇಲೆ ಹೆದರಿಕೆ ಹೋಯಿತು.

ಮಷೀನುಗಳ ಗದ್ದಲದಲ್ಲಿ ದಿನವಿಡೀ ಕೂಗಿ ಮಾತಾಡಿ ಪಳಗಿದ ಗಂಟಲುಗಳು ಅವು. ಅವಕ್ಕೆ ಮೈಕು ಯಾತಕ್ಕೆ? ನೀಲವ್ವ ಎದ್ದು ನಿಂತಳು.

“ಸಾಹೇಬ್ರ, ಆ ಸ್ವಿಚ್ಚು ಆಗೂತನಕಾ ನಾವು ಆ ಖಾತೆಗೆ ಕಾಲಿಡಂಗಿಲ್ರಿ. ಇಲ್ಲೇ ಕುಂದ್ರತೇವ್ರಿ.”

ಕೂತೇ ಬಿಟ್ಟರು. ಸಾಹೇಬರ ಮುಖ ಕೆಂಪಾಯಿತು. ಮುಂದಿನ ಪಾಳಿಯ ಭೋಂಗಾ ಊದಿತು, ಯಾರೂ ಏಳಲಿಲ್ಲ. ಗಂಡಸರೂ ಬೆಂಚು ಬಿಟ್ಟು ಕದಲಲಿಲ್ಲ. ಸಾಹೇಬರು ದೇಸಾಯಿಯವರ ಕಿವಿಯಲ್ಲಿ ಏನೋ ಹೇಳಿ ಹೊರಗೆ ಹೋದರು. ಸ್ವಲ್ಪ ಹೊತ್ತಿಗೆ ಎಲೆಕ್ಟ್ರಿಶನ್ ಚೀಲ ಹಿಡಿದುಕೊಂಡು ಅಂಗಳ ದಾಟಿ ಓಡಿದ. ನಮಗೆಲ್ಲ ಚಹಾ ಬಂತು. ಎರಡನೇ ಕಪ್ಪು ಚಹಾ ಮುಗಿಯುವುದರೊಳಗೆ ಹೊಸ ಸ್ವಿಚ್ಚು ಕೂತಿತ್ತು!

ಎರಡು ಕಪ್ಪು ಚಹಾದ ಕೆಲಸ. ಅಷ್ಟಕ್ಕಾಗಿ ಒಂದು ಹುಡುಗಿಯ ಕೈ.

ಹೋಗಲಿ, ಮೇಲಿನವರಿಗೆ ಸುದ್ದಿ ಮುಟ್ಟಿರಲಿಲ್ಲವೇನೋ, ನಡುವೆ ಎಲ್ಲೋ ತಡೆದಿತ್ತೇನೋ ಎಂದು ನನಗೆ ಇನ್ನೂ ಒಂದು ಅನುಮಾನವಿತ್ತು. ನಮ್ಮ ಪುಸ್ತಕಗಳು ಅದನ್ನೇ ತಾನೇ ಹೇಳುವುದು? ಮಾತು ಏರುತ್ತಾ ಏರುತ್ತಾ ಸವೆಯುತ್ತದೆ, ತಿರುಚಿಕೊಳ್ಳುತ್ತದೆ, ಗದ್ದಲದಲ್ಲಿ ಕಳೆದುಹೋಗುತ್ತದೆ ಎಂದು. ಬಸ್ಸಿಗೆ ಬಿಡಲು ಬಂದ ದೇಸಾಯಿಯವರನ್ನು ಕೇಳಿದೆ. “ಸೂಪರ್‌ವೈಜರ್ ನಿಮಗ ಹೇಳಿದ್ದಿಲ್ಲೇನ್ರಿ?”

ಅವರು ಸ್ಕೂಟರ್ ನಿಲ್ಲಿಸಿ ರಸ್ತೆಯ ಬದಿಯ ಕಬ್ಬಿನ ಹೊಲ ನೋಡುತ್ತಾ ನಿಂತರು.

“ಹೇಳಿದ್ದ ಮೇಡಂ. ನಾನೂ ಸಾಹೇಬ್ರಿಗೆ ಹೇಳಿದ್ದೆ. ಎರಡು ಸರತಿ ಹೇಳಿದ್ದೆ. ‘ಆರ್ಡರ್ ಅರ್ಜಂಟ್ ಐತಿ, ಮಷೀನ್ ನಿಂದರಸಾಕ ಆಗಂಗಿಲ್ಲ, ಮುಗೀಲಿ, ಆಮ್ಯಾಲ ನೋಡೂಣು’ ಅಂದ್ರು.”

“ಎನ್ಕ್ವಾಯರಿದಾಗ ಇದನ್ನ ಹೇಳಿದ್ರೇನು?”

“ನನ್ನನ್ನ ಯಾರೂ ಕೇಳ್ಲಿಲ್ರಿ.” ಕರ್ಚೀಫು ಮತ್ತೆ ಕುತ್ತಿಗೆಗೆ ಹೋಯಿತು. “ನಾನೂ ಹೇಳಾಕ ಹೋಗಲಿಲ್ಲ.”

ಹಾಗಾದರೆ ಗ್ಯಾಪ್ ಎಲ್ಲಿತ್ತು? ನೀಲವ್ವ ಹೇಳಿದಳು. ಜಾಬರ್ ಹೇಳಿದ. ಸೂಪರ್‌ವೈಜರ್ ಹೇಳಿದ. ದೇಸಾಯಿ ಹೇಳಿದರು. ಮಾತು ಒಂದು ಅಕ್ಷರ ಕೆಡದೆ, ಗೊತ್ತುಮಾಡಿಟ್ಟ ದಾರಿಯಲ್ಲೇ ನಡೆದು, ಸಾಹೇಬರ ಮೇಜಿನ ಮುಂದೆ ಹೋಗಿ ನಿಂತಿತ್ತು. ಯಾವ ಸಿದ್ಧಾಂತದ ಪ್ರಕಾರ ನೋಡಿದರೂ ಇದಕ್ಕಿಂತ ಅಚ್ಚುಕಟ್ಟಾದ ಸಂವಹನ ಇನ್ನೊಂದಿಲ್ಲ. ಸಾಹೇಬರಿಗೆ ಕೇಳಿಸಿತ್ತು, ಅರ್ಥವೂ ಆಗಿತ್ತು. ಬೇಡ ಎಂದು ತೀರ್ಮಾನಿಸಿದ್ದರು. ಒಬ್ಬ ಮನುಷ್ಯನ ತೀರ್ಮಾನಕ್ಕೆ ‘ಗ್ಯಾಪ್’ ಎಂದು ಹೆಸರಿಟ್ಟರೆ ಆ ಮನುಷ್ಯ ಮಾಯ! ತಪ್ಪು ಯಾರದೂ ಅಲ್ಲ, ನಡುವಿನ ಖಾಲಿ ಜಾಗದ್ದು. ಖಾಲಿ ಜಾಗವನ್ನು ಯಾರು ಶಿಕ್ಷಿಸುತ್ತಾರೆ? ಕೊನೆಗೆ ಅದೂ ಅಲ್ಲ, ಬೆರಳು ಹೋದವಳದೇ ತಪ್ಪು.

ಮರುದಿನ ನಮ್ಮ ಪ್ರಿನ್ಸಿಪಾಲರು ಕರೆಸಿದರು. ಗಿರಣಿಯಿಂದ ಫೋನ್ ಬಂದಿತ್ತಂತೆ.

“ನೀವು ವಿಷಯ ಬಿಟ್ಟು ಮಾತಾಡಿದ್ರಂತಲ್ಲ?”

“ಇಲ್ಲ ಸರ್. ವಿಷಯಾನೇ ಮಾತಾಡಿದೆ.”

ಪ್ರಿನ್ಸಿಪಾಲರು ಒಳ್ಳೆಯವರು. “ಮುಂದ ಇಂಥಾ ಕಡೆ ಹೋಗುವಾಗ ನನಗೊಂದು ಮಾತು ಹೇಳಿ ಹೋಗ್ರಿ,” ಎಂದು ಬಿಟ್ಟುಬಿಟ್ಟರು.

ಶನಿವಾರ ರಬಕವಿಗೆ ಹೋದೆ. ನೀಲವ್ವ ಬಸ್ ಸ್ಟ್ಯಾಂಡಿಗೆ ಬಂದು ಕಸ್ತೂರಿಯ ಮನೆಗೆ ಕರೆದೊಯ್ದಳು. ನೇಕಾರರ ಓಣಿ. ಮನೆಯ ನಡುವಿನಲ್ಲೇ ಮಗ್ಗ. ಅಪ್ಪ ಮಗ್ಗದ ಮೇಲೆ ಕೂತಿದ್ದ, ನಾವು ಹೋದಾಗ ನಿಲ್ಲಿಸಿದ. ಕಸ್ತೂರಿಗೆ ಇಪ್ಪತ್ತೂ ದಾಟಿರಲಿಕ್ಕಿಲ್ಲ. ಬಲಗೈಯನ್ನು ಸೆರಗಿನೊಳಗೆ ಇಟ್ಟುಕೊಂಡು, ಎಡಗೈಯಿಂದಲೇ ನೀರು ತಂದುಕೊಟ್ಟಳು.

“ಈಗ ಏನು ಮಾಡ್ತೀಯವಾ?” ಎಂದೆ.

“ಕಡದ ಎಳೀ ಕಟ್ಟಾಕ ಕಲ್ಯಾಕತ್ತೇನ್ರಿ, ಎಡಗೈಲೆ. ಅಪ್ಪ ಒಂದು ಮಾರು ನೇಯೂದ್ರಾಗ ನಾ ಒಂದು ಗಂಟು ಹಾಕ್ತೇನ್ರಿ.” ಅಂದು ನಕ್ಕಳು. ಅಪ್ಪ ನಗಲಿಲ್ಲ.

ಆಮೇಲೆ ಅವಳು ಹೇಳಿದ ಸುದ್ದಿ ಕೇಳಿ ನನ್ನ ಮೈ ಉರಿಯಿತು. ಹಿಂದಿನ ದಿನ ದೇಸಾಯಿಯವರು ಬಂದಿದ್ದರಂತೆ. ಸಾಹೇಬರು ಕಳಿಸಿದ್ದರಂತೆ. ನೂಲಿನ ಪ್ಯಾಕಿಂಗ್ ಖಾತೆಯಲ್ಲಿ ಕೆಲಸ ಕೊಡುತ್ತೇವೆ, ಸೋಮವಾರ ಬಾ. ಆದರೆ ಬಂದವಳು ಎಲ್ಲರೆದುರಿಗೆ ಒಂದು ಮಾತು ಹೇಳಬೇಕು. “ನಂದ ತಪ್ಪಾತು ಸಾಹೇಬ್ರ.” ಅಷ್ಟೇ!

ನೋಡಿದಿರಾ? ಮಷೀನು ಕೆಟ್ಟಿದೆ ಎಂದಾಗ ಕೇಳದ ಕಿವಿಗೆ, ತಪ್ಪಾಯಿತು ಎನ್ನುವುದನ್ನು ಮಾತ್ರ ಕೇಳುವ ಆಸೆ. ನನ್ನ ಪಠ್ಯಪುಸ್ತಕದ ಕೊನೆಯಲ್ಲಿ ಎರಡೇ ಸಾಲಿನ ಒಂದು ದೃಷ್ಟಿಕೋನವಿದೆ. ಸಂಸ್ಥೆಯೊಳಗೆ ಯಾರ ಮಾತು ಮಾತಾಗುತ್ತದೆ, ಯಾರದು ಬರೀ ಸದ್ದಾಗುತ್ತದೆ ಎಂಬುದನ್ನು ಅಧಿಕಾರವೇ ನಿರ್ಧರಿಸುತ್ತದೆ ಎಂದು. ಪರೀಕ್ಷೆಗೆ ಬರುವುದಿಲ್ಲವೆಂದು ನಾವು ಅದನ್ನು ಬಿಟ್ಟು ಮುಂದೆ ಹೋಗುತ್ತೇವೆ. ರಬಕವಿಯ ಆ ಮನೆಯಲ್ಲಿ ಕೂತಾಗ, ಉಳಿದದ್ದನ್ನೆಲ್ಲ ಬಿಟ್ಟು ಅದೊಂದನ್ನೇ ಕಲಿಸಬೇಕು ಅನ್ನಿಸಿತು.

“ಏನು ಮಾಡಲ್ರೀ ಅಕ್ಕಾರ?” ಎಂದಳು ಕಸ್ತೂರಿ.

ಏನು ಹೇಳಲಿ? ತಿಂಗಳಾದರೆ ಸಂಬಳ ಎಣಿಸಿಕೊಳ್ಳುವವಳು ನಾನು. ಧೈರ್ಯ ಮಾಡು ಎಂದು ಇನ್ನೊಬ್ಬರ ಮನೆಯ ಹುಡುಗಿಗೆ ಹೇಳುವುದು ಎಷ್ಟು ಸುಲಭ! ಮಗ್ಗದ ಮೇಲಿನಿಂದ ಅಪ್ಪ ಹೇಳಿದ. “ಒಂದು ಮಾತು ಅಂದ್ರ ಏನು ಹೋಗತೈತಿ, ಅಂದು ಬಿಡು.” ಅವನ ತಪ್ಪೂ ಅಲ್ಲ. ಆ ಮನೆಯಲ್ಲಿ ಅವಳ ಪಗಾರದ ಮೇಲೆ ಏನೇನು ನಿಂತಿತ್ತೋ ಅವನಿಗೇ ಗೊತ್ತು.

ಕಸ್ತೂರಿ ಸೆರಗಿನಿಂದ ಬಲಗೈ ಹೊರಗೆ ತೆಗೆದು ತಾನೇ ನೋಡಿಕೊಂಡಳು.

“ಅಂದ್ರ, ಇದನ್ನ ನಾನ ಮಾಡಕೊಂಡೆ ಅಂದಂಗ ಆಗತೈತಿ ಅಪ್ಪಾ. ನಾ ಅನ್ನಂಗಿಲ್ಲ.”

ನೀಲವ್ವ ಎದ್ದು ಸೀರೆ ಕೊಡವಿಕೊಂಡಳು. “ನೀ ಏನೂ ಅನಬ್ಯಾಡ. ಸೋಮವಾರ ನನ್ನ ಕೂಡ ಬಾ ಬೇ, ನಾವು ಅಂತೇವಿ.”

ಸೋಮವಾರ ಏನಾಯಿತೆಂದು ನೋಡಲು ನಾನು ಅಲ್ಲಿರಲಿಲ್ಲ. ನೀಲವ್ವನೇ ಮಂಗಳವಾರ ಜಮಖಂಡಿಗೆ ಬಂದು ಹೇಳಿದಳು. ಹಿಂಜುವ ಖಾತೆಯ ಹೆಣ್ಣುಮಕ್ಕಳೆಲ್ಲ ಕಸ್ತೂರಿಯನ್ನು ನಡುವೆ ಇಟ್ಟುಕೊಂಡು ಮ್ಯಾನೇಜರ್ ಕೋಣೆಯ ಮುಂದೆ ಹೋಗಿ ನಿಂತರಂತೆ. ಸಾಹೇಬರು ಹೊರಗೆ ಬಂದು, “ಏನಂತಾಳ ಅಕಿ?” ಎಂದು ಕೇಳಿದರಂತೆ.

“ಅಕಿ ಏನೂ ಅನ್ನಂಗಿಲ್ರಿ. ನಾ ಅಂತೇನಿ. ನಾವು ಹೇಳಿದ್ವಿ, ನೀವು ಕೇಳ್ಲಿಲ್ಲ. ಇನ್ನ ಅಕಿನ್ನ ಒಳಗ ಕಳಸ್ತೀರೋ, ನಮ್ಮನ್ನೆಲ್ಲಾ ಹೊರಗ ಕಳಸ್ತೀರೋ?”

ಹಿಂದೆ ಖಾತೆಯಲ್ಲಿ ಮಷೀನುಗಳು ಸುಮ್ಮನೆ ನಿಂತಿದ್ದವು. ಸಾಹೇಬರು ಅತ್ತ ನೋಡಿದರಂತೆ, ಇತ್ತ ನೋಡಿದರಂತೆ. ಆಮೇಲೆ ದೇಸಾಯಿಯವರಿಗೆ ಕೈಸನ್ನೆ ಮಾಡಿ ಒಳಗೆ ಹೋದರಂತೆ. ದೇಸಾಯಿ ಕಸ್ತೂರಿಯನ್ನು ಪ್ಯಾಕಿಂಗ್ ಖಾತೆಗೆ ಕರೆದೊಯ್ದರು. ಆ ಒಂದು ಮಾತನ್ನು ಯಾರೂ ಅವಳಿಂದ ಹೇಳಿಸಲಿಲ್ಲ.

“ಮೊನ್ನಿ ನೀವು ಕೇಳಿದ್ದು ಛಲೋ ಆತ್ರೀ,” ಎಂದು ನೀಲವ್ವ ಚಹಾ ಕುಡಿದು ಎದ್ದಳು. ನನಗೆ ಆ ಹೊಗಳಿಕೆ ದಕ್ಕಲಿಲ್ಲ. ನಾನು ಕೇಳಿದ್ದು ಒಂದು ಉದಾಹರಣೆ ಸಿಗಲೆಂದು.

ಕತೆ ಸುಖವಾಗಿ ಮುಗಿಯಿತು ಅಂದುಕೊಳ್ಳಬೇಡಿ. ಹುಡುಗಿಗೆ ಕೆಲಸ ಸಿಕ್ಕಿತು, ಬೆರಳು ಸಿಗಲಿಲ್ಲ. ಎನ್ಕ್ವಾಯರಿಯ ತೀರ್ಮಾನ ಇವತ್ತಿಗೂ ಹಾಗೇ ಇದೆ, ತಪ್ಪು ಅವಳದೇ. ಸಾಹೇಬರು ಅದೇ ಕುರ್ಚಿಯಲ್ಲಿದ್ದಾರೆ. ದೇಸಾಯಿಯವರು ಮಾತ್ರ ಬೇರೆ ಕಡೆ ನೌಕರಿ ಹಿಡಿದಿದ್ದಾರೆ. ತಮ್ಮ ಮಾತನ್ನು ಬರೆಯಲೇ ಎಂದು ಕೇಳಿದ್ದಕ್ಕೆ, “ಬರೀರಿ ಮೇಡಂ, ಆವಾಗ ಹೇಳಬೇಕಾಗಿತ್ತು, ಈಗರ ಹೇಳಿದಂಗ ಆಗಲಿ,” ಎಂದರು. ಗಿರಣಿಯಲ್ಲಿ ಮುಂದಿನ ತಿಂಗಳು ಇನ್ನೊಂದು ಲೆಕ್ಚರ್ ಇದೆಯಂತೆ. ಹುಬ್ಬಳ್ಳಿಯಿಂದ ಯಾರೋ ಬರುತ್ತಾರಂತೆ. ವಿಷಯ, ‘ದುಡಿಮೆಯಲ್ಲಿ ನಗುಮುಖ’!

ಇದು ಒಂದು ಗಿರಣಿಯ ಮಾತಲ್ಲ ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು. ಮುಧೋಳದ ಆಫೀಸಿನಲ್ಲಿ, ಬೀಳಗಿಯ ಸಾಲೆಯಲ್ಲಿ, ನನ್ನ ಕಾಲೇಜಿನ ಸ್ಟಾಫ್ ರೂಮಿನಲ್ಲೂ ಈ ‘ಗ್ಯಾಪ್’ ಎಂಬ ಪದ ದಿನಾ ಓಡಾಡುತ್ತದೆ. ಛಾವಣಿ ಸೋರುತ್ತಿದೆ ಎಂದು ಜವಾನ ಹೇಳಿರುತ್ತಾನೆ. ಔಷಧ ಮುಗಿದಿದೆ ಎಂದು ನರ್ಸ್ ಹೇಳಿರುತ್ತಾಳೆ. ಬ್ರೇಕು ಹಿಡಿಯುತ್ತಿಲ್ಲ ಎಂದು ಡ್ರೈವರ್ ಹೇಳಿರುತ್ತಾನೆ. ಅನಾಹುತವಾದ ಮೇಲೆ ಎಲ್ಲರಿಗೂ ಸಂವಹನದ ನೆನಪು. ಹೇಳಿದವರಿಗೇ ಹೇಳುವುದು ಹೇಗೆಂದು ತರಬೇತಿ. ಕೇಳುವುದು ಹೇಗೆಂದು ಕುರ್ಚಿಯ ಮೇಲಿದ್ದವರಿಗೆ ಯಾರಾದರೂ, ಎಲ್ಲಾದರೂ, ಒಂದು ಪಾಠ ಮಾಡಿದ್ದನ್ನು ನೀವು ಕಂಡಿದ್ದೀರಾ?

ಅದಿರಲಿ. ಹೋದ ವಾರ ನಿಮ್ಮ ಕೈಕೆಳಗಿನವರು ಯಾರೋ ಬಂದು, ಬಾಗಿಲ ಹತ್ತಿರ ನಿಂತು ಏನೋ ಹೇಳಿ ಹೋದರಲ್ಲ, ಏನದು?